ಮೊಹರಿಗೆ ಮುನ್ನ ಹೆಸರು

ನಮ್ಮ ಮನೆಗೆ ಯಾವುದೇ ಅರ್ಜಿ, ಫಾರಂ ಬಂದರೂ ಅದು ಕೊನೆಗೆ ಬಂದು ಸೇರುವುದು ನನ್ನ ಕೈಗೆ. ಮದ್ರಸದಲ್ಲಿ ಓದಿ, ಆ ಬಳಿಕ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದವಳು ಎಂಬ ಕಾರಣಕ್ಕೆ ರೇಶನ್ ಕಾರ್ಡಿನಿಂದ ಹಿಡಿದು ಹಜ್ಜಿನ ಅರ್ಜಿಯವರೆಗೆ ಎಲ್ಲವನ್ನೂ ತುಂಬುವವಳು ನಾನೇ. ಆ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ. ಆ ಹೆಮ್ಮೆ ಇಳಿದ ಕತೆಯನ್ನು ಈ ಸಲ ನಿಮಗೆ ಹೇಳುತ್ತೇನೆ.

ತಂಗಿಗೆ ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದವಳು ನಾನು. ಜನನದ ಮಾಹಿತಿ ಬರೆಯಲು ನರ್ಸ್ ಒಂದು ಫಾರಂ ತಂದುಕೊಟ್ಟರು. ಏಳನೆಯ ದಿನ ಅಖೀಕಾ ಮಾಡಿ ಹೆಸರಿಡುವುದೆಂದು ಮಾತಾಗಿದ್ದರಿಂದ ಮಗುವಿನ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ತಾಯಿಯ ಹೆಸರಿನ ಜಾಗದಲ್ಲಿ ಮನೆಯಲ್ಲಿ ಎಲ್ಲರೂ ಕರೆಯುವ ಮೊಟಕು ಹೆಸರನ್ನು ಬರೆದೆ. ಅವಳ ಶಾಲೆಯ ದಾಖಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಆ ಹೆಸರಿನ ಹಿಂದೆ 'ಫಾತಿಮತ್' ಎಂದಿರುವುದು ನನಗೆ ಆ ಹೊತ್ತಿಗೆ ನೆನಪೇ ಆಗಲಿಲ್ಲ. ಅಖೀಕಾ ಮುಗಿಯಿತು, ಹೆಸರಿಟ್ಟೆವು, ಬಿರಿಯಾನಿ ಹಂಚಿದೆವು. ಆ ಹೆಸರನ್ನು ನೋಂದಣಿ ಪುಸ್ತಕಕ್ಕೆ ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರಮಾಣಪತ್ರ ಬಂದಾಗ ಹಾಳಾಗಬಾರದೆಂದು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಉಮ್ಮನ ಕಪಾಟಿನಲ್ಲಿಟ್ಟೆವು.

ಐದು ವರ್ಷ ಕಳೆಯಿತು. ಶಾರ್ಜಾದಲ್ಲಿ ದುಡಿಯುತ್ತಿದ್ದ ತಂಗಿಯ ಪತಿಗೆ ಕುಟುಂಬವನ್ನು ಕರೆಸಿಕೊಳ್ಳುವ ಅವಕಾಶ ಒದಗಿತು. ಮಗಳು ತಂದೆಯನ್ನು ಕಣ್ಣಾರೆ ಕಂಡದ್ದು ಎರಡು ರಜೆಗಳಲ್ಲಿ ಮಾತ್ರ. ಅವರು ಬಾಡಿಗೆ ಮನೆ ಹಿಡಿದರು, ಮಗುವಿಗೆ ಶಾಲೆ ನೋಡಿದರು. "ಮಗುವಿನ ಜನನ ಪ್ರಮಾಣಪತ್ರ ಅಟೆಸ್ಟ್ ಮಾಡಿಸಿ ಕಳಿಸಿ" ಎಂದರು. ಕಪಾಟಿನಿಂದ ಕಾಗದ ಹೊರಬಂತು. ಮಗುವಿನ ಹೆಸರಿನ ಜಾಗ ಖಾಲಿ! ತಾಯಿಯ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗುತ್ತಿಲ್ಲ.

"ಏಜೆಂಟಿಗೆ ಕೊಟ್ಟುಬಿಡೋಣ. ದುಡ್ಡು ಕೊಟ್ಟರೆ ಮೊಹರು ಬೀಳುತ್ತದೆ, ಎಲ್ಲ ಸರಿಹೋಗುತ್ತದೆ" ಎಂದರು ಬಂಧುಗಳೊಬ್ಬರು. ನಮ್ಮ ಹಲವು ಮನೆಗಳಲ್ಲಿ ಇದೇ ನಂಬಿಕೆ. ಮೊಹರು ಬಿದ್ದೊಡನೆ ಕಾಗದದ ತಪ್ಪು ತೊಳೆದು ಹೋಗುತ್ತದೆಯೇ? ಇಲ್ಲ.

ಸಹೋದರಿಯರೇ, ಅಟೆಸ್ಟೇಶನ್ ಎಂದರೆ ಏನೆಂದು ನಾನು ಅರ್ಥ ಮಾಡಿಕೊಂಡದ್ದು ಮದ್ರಸದ ಪಾಠದಿಂದ. ಹದೀಸಿಗೆ ಒಂದು ಸನದ್ ಇರುತ್ತದೆ. ಇವರು ಅವರಿಂದ ಕೇಳಿದರು, ಅವರು ಅವರಿಗಿಂತ ಹಿಂದಿನವರಿಂದ ಕೇಳಿದರು ಎಂಬ ಸರಪಣಿ ಅದು. ಇಲ್ಲಿಯೂ ಹಾಗೆಯೇ. ನಮ್ಮ ಊರಿನ ನೋಂದಣಾಧಿಕಾರಿಯ ಸಹಿಯನ್ನು ಶಾರ್ಜಾದ ಅಧಿಕಾರಿ ಬಲ್ಲವನಲ್ಲ. ಆದ್ದರಿಂದ ಆ ಸಹಿ ನಿಜವೆಂದು ರಾಜ್ಯ ಸರ್ಕಾರದ ಗೃಹ ಇಲಾಖೆಯಂತಹ ನಿಯುಕ್ತ ವಿಭಾಗ ಹೇಳುತ್ತದೆ. ರಾಜ್ಯದ ಸಹಿ ನಿಜವೆಂದು ಭಾರತದ ವಿದೇಶಾಂಗ ಸಚಿವಾಲಯ ಹೇಳುತ್ತದೆ. ಸಚಿವಾಲಯದ ಸಹಿ ನಿಜವೆಂದು ದೆಹಲಿಯಲ್ಲಿರುವ ಯುಎಇ ರಾಯಭಾರ ಕಚೇರಿ ಹೇಳುತ್ತದೆ. ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯವೂ ಒಪ್ಪಿದರೆ ಸರಪಣಿ ಪೂರ್ಣ.

ಆದರೆ ಒಂದು ವ್ಯತ್ಯಾಸವಿದೆ. ಹದೀಸ್ ವಿದ್ವಾಂಸರು ಸನದನ್ನು ನೋಡುವಂತೆ ಮತ್ನನ್ನು, ಅಂದರೆ ಒಳಗಿನ ಮಾತನ್ನೂ ಪರಿಶೀಲಿಸುತ್ತಾರೆ. ಈ ಕಚೇರಿಗಳು ನೋಡುವುದು ಸಹಿ ಮತ್ತು ಮೊಹರನ್ನು ಮಾತ್ರ. ಒಳಗೆ ಬರೆದಿರುವುದು ಸರಿಯೋ ತಪ್ಪೋ ಎಂಬುದಕ್ಕೆ ವಿದೇಶಾಂಗ ಸಚಿವಾಲಯ ಹೊಣೆಯಲ್ಲ. ತಪ್ಪು ಹೆಸರಿನ ಮೇಲೆ ನಾಲ್ಕು ಮೊಹರು ಬಿದ್ದರೂ ಅದು ನಾಲ್ಕು ಮೊಹರುಗಳಿರುವ ತಪ್ಪು ಹೆಸರೇ!

ಎಲ್ಲ ದೇಶಗಳಿಗೂ ಇಷ್ಟು ಉದ್ದದ ದಾರಿ ಇಲ್ಲ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ 'ಅಪೊಸ್ಟಿಲ್' ಎಂಬ ಒಂದೇ ದೃಢೀಕರಣ ಸಾಕು, ರಾಯಭಾರ ಕಚೇರಿಯ ಮೊಹರು ಬೇಡ. ಭಾರತದಲ್ಲಿ ಇದು ಜಾರಿಗೆ ಬಂದದ್ದು 2005ರ ಜುಲೈಯಲ್ಲಿ. ಕೊಲ್ಲಿಯ ದೇಶಗಳ ಪೈಕಿ ಒಮಾನ್‌ನಲ್ಲಿ 2012ರಿಂದ, ಬಹರೈನ್‌ನಲ್ಲಿ 2013ರ ಕೊನೆಯಿಂದ, ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಇದು ಜಾರಿಯಲ್ಲಿದೆ. ಹಿಂದೆ ಸೌದಿಗೆ ಹೋದವರು ಪಟ್ಟ ಪಾಡನ್ನು ಕೇಳಿ ಇಂದು ಹೋಗುವವರು ಹೆದರಬೇಕಿಲ್ಲ. ಯಾವ ದೇಶಕ್ಕೆ ಯಾವ ದಾರಿ ಎಂದು ಮೊದಲು ವಿಚಾರಿಸಿ, ಆಮೇಲೆ ಹೆಜ್ಜೆಯಿಡಿ.

ಖರ್ಚಿನ ಬಗ್ಗೆಯೂ ಒಂದು ಮಾತು. ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸಾಮಾನ್ಯ ದೃಢೀಕರಣಕ್ಕೆ ಸಚಿವಾಲಯ ಶುಲ್ಕ ಪಡೆಯುವುದಿಲ್ಲ. ಕಾಗದ ಸ್ವೀಕರಿಸಲು ಸಚಿವಾಲಯವೇ ನೇಮಿಸಿದ ಸಂಸ್ಥೆಗಳಿವೆ, ಅವುಗಳ ಸೇವಾ ಶುಲ್ಕ ಬೇರೆ. ರಾಯಭಾರ ಕಚೇರಿಗಳ ಶುಲ್ಕವೂ ಬೇರೆ. ಸಚಿವಾಲಯದ ಈ ಕೆಲಸಕ್ಕಾಗಿ ದೆಹಲಿಯವರೆಗೆ ಹೋಗಬೇಕಿಲ್ಲ. 2019ರಿಂದ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಈ ವ್ಯವಸ್ಥೆ ಇದೆ. 2017ರಲ್ಲಿ ಆನ್‌ಲೈನ್ ಸೇವೆಯೊಂದೂ ಆರಂಭವಾಯಿತು. ಕೊಟ್ಟ ಕಚೇರಿಯೇ ಕಂಪ್ಯೂಟರಿಗೆ ಏರಿಸಿದ ದಾಖಲೆಗಳಿಗೆ ಅದು ಉಪಯುಕ್ತ. ಅದರ ಹೆಸರು ಕೇಳಿ ನನಗೆ ನಗು ಬಂತು: 'ಇ-ಸನದ್'!

ನಮ್ಮ ಕೆಲಸ ಆರಂಭವಾದದ್ದು ಮಾತ್ರ ಇದಾವುದರಿಂದಲೂ ಅಲ್ಲ, ಜನನ ನೋಂದಣಿಯಾದ ಕಚೇರಿಯ ಬಾಗಿಲಿನಿಂದ. ಅಲ್ಲಿನ ಅಧಿಕಾರಿ ಸಮಾಧಾನದಿಂದ ವಿವರಿಸಿದರು. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ಬಳಿಕ 15 ವರ್ಷದವರೆಗೆ ವಿಳಂಬ ಶುಲ್ಕದೊಂದಿಗೆ ಸೇರಿಸಬಹುದು. ತಪ್ಪಾಗಿ ದಾಖಲಾದ ವಿವರವನ್ನು ತಿದ್ದಲು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ಮೊದಲು ಬರೆದುದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ದಿನಾಂಕ ಹಾಕುತ್ತಾರೆ. ಅಂದು ನಾನು ತುಂಬಿದ ಮೊಟಕು ಹೆಸರು ಆ ದಾಖಲೆಯಲ್ಲಿ ಹಾಗೆಯೇ ಉಳಿಯುತ್ತದೆ ಎಂದು ತಿಳಿದಾಗ ಮುಖ ತಗ್ಗಿಸಿ ಕುಳಿತೆ.

ಅಫಿಡವಿಟ್, ತಂಗಿಯ ಶಾಲಾ ದಾಖಲೆ, ದಂಪತಿಯ ಪಾಸ್‌ಪೋರ್ಟಿನ ಪ್ರತಿ ಎಲ್ಲವನ್ನೂ ಕೊಟ್ಟೆವು. ಹೊಸ ಪ್ರಮಾಣಪತ್ರ ಬಂತು. ಅದನ್ನು ಲ್ಯಾಮಿನೇಶನ್ ಮಾಡಿಸಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಮೊಹರು ನಿಲ್ಲುವುದಿಲ್ಲವೆಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಬಳಿಕ ಒಂದೊಂದೇ ಮೊಹರು ಬಿತ್ತು. ಎಲ್ಲ ಮುಗಿಯುವಾಗ ನಾಲ್ಕು ತಿಂಗಳು ಕಳೆದಿತ್ತು. ಅಷ್ಟೂ ದಿನ ಶಾರ್ಜಾದ ಆ ಮನೆಗೆ ಬಾಡಿಗೆ ಹೋಗುತ್ತಿತ್ತು, ಶಾಲೆ ಆರಂಭವಾಗಿಬಿಟ್ಟಿತ್ತು. "ಬಾಪ ಯಾವಾಗ ಕರೆಯುತ್ತಾರೆ?" ಎಂದು ಮಗು ಸಂಜೆಯಾದರೆ ಕೇಳುತ್ತಿದ್ದಳು. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಸಹೋದರಿಯರೇ, ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿಯಾಗಬೇಕು. ಏಳನೆಯ ದಿನ ಹೆಸರಿಟ್ಟರೂ ಇನ್ನು ಹದಿನಾಲ್ಕು ದಿನ ನಮ್ಮ ಕೈಯಲ್ಲಿರುತ್ತದೆ. ಅಖೀಕಾದ ಅಡಿಗೆಯ ಪಟ್ಟಿ ಬರೆಯುವಾಗಲೇ 'ಹೆಸರು ನೋಂದಣಿ' ಎಂದು ಒಂದು ಸಾಲು ಸೇರಿಸಿಕೊಳ್ಳಿ. ಒಂದು ವರ್ಷ ದಾಟಿದರೂ ಜನನವೇ ನೋಂದಣಿಯಾಗದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವಾಗ, ಪಾಸ್‌ಪೋರ್ಟ್ ಮಾಡಿಸುವಾಗ, ಮುಂದೆ ಮತದಾರರ ಪಟ್ಟಿಗೆ ಸೇರುವಾಗಲೂ ಜನ್ಮದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಇದು ಗಲ್ಫಿಗೆ ಹೋಗುವವರ ಚಿಂತೆ ಮಾತ್ರವಲ್ಲ.

ಇನ್ನು ಹೆಸರುಗಳ ವಿಷಯ. ಮುಹಮ್ಮದ್, ಮೊಹಮ್ಮದ್, ಎಂ.ಡಿ.; ಫಾತಿಮ, ಫಾತಿಮಾ, ಫಾತಿಮತ್; ಬಿ, ಬೀಬಿ, ಬಾನು. ಒಂದೇ ಮನೆಯ ಒಬ್ಬರದೇ ಹೆಸರು ನಾಲ್ಕು ಕಾಗದಗಳಲ್ಲಿ ನಾಲ್ಕು ಬಗೆ. ಮನೆಯಲ್ಲಿ ಕರೆಯುವಾಗ ಎಲ್ಲವೂ ಒಂದೇ. ಕಚೇರಿಯಲ್ಲಿ ಒಂದೊಂದು ಅಕ್ಷರಕ್ಕೂ ಒಬ್ಬೊಬ್ಬ ಬೇರೆ ವ್ಯಕ್ತಿ! ಫಾರಂ ತುಂಬುವಾಗ ತಂದೆ ತಾಯಿಯರ ಪಾಸ್‌ಪೋರ್ಟ್ ಅಥವಾ ಶಾಲಾ ದಾಖಲೆಯನ್ನು ಮುಂದಿಟ್ಟುಕೊಂಡು, ಇಂಗ್ಲಿಷ್ ಅಕ್ಷರಗಳನ್ನೂ ನೋಡಿ ಬರೆಯಿರಿ. ಹೆತ್ತವಳು ಓದಬಲ್ಲವಳಾದರೆ ಸಹಿಗೆ ಮುನ್ನ ಅವಳಿಗೇ ಒಮ್ಮೆ ತೋರಿಸಿ. ಅಂದು ನಾನು ಅಷ್ಟು ಮಾಡಿದ್ದರೆ ತಂಗಿಯೇ ತಿದ್ದುತ್ತಿದ್ದಳು.

ಈ ವರ್ಷ ಮದ್ರಸಕ್ಕೆ ಮಕ್ಕಳನ್ನು ಸೇರಿಸುವಾಗ ಜನನ ಪ್ರಮಾಣಪತ್ರ ತರಬೇಕೆಂದು ತಾಯಂದಿರಿಗೆ ಹೇಳಿದ್ದೆ. "ಮದ್ರಸಕ್ಕೂ ಅದು ಬೇಕಾ ಟೀಚರ್?" ಎಂದು ಕೇಳಿದರು. ಮದ್ರಸಕ್ಕೆ ಬೇಡ, ನನಗೆ ನೋಡಬೇಕು ಎಂದೆ. ಬಂದ ಕಾಗದಗಳಲ್ಲಿ ಮೂರರಲ್ಲಿ ಮಗುವಿನ ಹೆಸರೇ ಇರಲಿಲ್ಲ. ಆ ಮೂವರು ತಾಯಂದಿರೂ ಈಗ ಅರ್ಜಿ ಕೊಟ್ಟಿದ್ದಾರೆ. ನಿಮ್ಮ ಮನೆಯ ಕಪಾಟಿನಲ್ಲಿರುವ ಕಾಗದವನ್ನೂ ಇಂದೇ ಒಮ್ಮೆ ತೆಗೆದು ಓದಿ ನೋಡಿ.