ಕಾರಿನ ಜೊತೆ ಬಂದ ಸೌಂಡ್ ಸಿಸ್ಟಮ್ ಬದಲಿಸಬೇಕೆ?

ಪರ: ಡೋರ್ ಪ್ಯಾಡ್ ಬಿಚ್ಚಿಸಿ ನೋಡಿ, ಆಮೇಲೆ ಹೇಳಿ

ಕಾರಿನೊಳಗೆ ಹಾಡು ಬಂದದ್ದೇ ಹೊರಗಿನವರಿಂದ. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಮೋಟೊರೋಲ ಎಂದು ಹೆಸರಿಟ್ಟು ಮಾರಿದ ರೇಡಿಯೊ, ಕಾರು ಕೊಂಡವರು ಆಮೇಲೆ ಕೂರಿಸಿಕೊಳ್ಳುವಂಥದ್ದು. ನಮ್ಮಲ್ಲೂ ಅಂಬಾಸಡರ್, ಪದ್ಮಿನಿ, ಮಾರುತಿ 800ರ ಕಾಲದಲ್ಲಿ ಶೋರೂಮಿನಿಂದ ಗಾಡಿ ತಂದವರು ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿಸಿ, ಅಲ್ಲಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಟೇಪ್ ಡೆಕ್ ಹಾಕಿಸುತ್ತಿದ್ದರು. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಖಾನೆಗೆ ಯಾವ ಕಂಪನಿಯ ಸ್ಟೀರಿಯೊ ತಂದರೂ ಕೂರುತ್ತಿತ್ತು. ಕಾರು ಅವರದು, ಕಿವಿ ನಮ್ಮದು ಅನ್ನುವುದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ.

ಈಗ ಕಂಪನಿಯವರೇ ಎಲ್ಲ ಹಾಕಿ ಕೊಡುತ್ತಾರೆ. ಏನು ಹಾಕಿದ್ದಾರೆ ಎಂದು ಯಾರೂ ನೋಡುವುದಿಲ್ಲ, ಅಷ್ಟೆ. ಎಂಟು ಹತ್ತು ಲಕ್ಷದ ಕಾರಿನ ಮುಂಬಾಗಿಲು ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಪ್ಲಾಸ್ಟಿಕ್ ಚೌಕಟ್ಟು, ಕಾಗದದ ಕೋನ್, ಬೆನ್ನಿಗೊಂದು ಪುಟ್ಟ ಅಯಸ್ಕಾಂತ. ಅಂಗೈ ಮೇಲಿಟ್ಟರೆ ತೂಕವೇ ಗೊತ್ತಾಗದು. ಅದರ ಹಿಂದಿನ ತೆಳು ತಗಡನ್ನು ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು ಬೇರೆ. ಕೋನ್ ಮುಂದಕ್ಕೆ ತಳ್ಳುವ ಗಾಳಿಯ ಅಲೆಯನ್ನು ಹಿಂಬದಿಯ ಅಲೆ ಆ ತೂತುಗಳಿಂದ ನುಗ್ಗಿ ಬಂದು ಅಳಿಸಿಹಾಕುತ್ತದೆ. ತಂಬೂರಿಯ ಮಂದ್ರ ತಂತಿ, ಮೃದಂಗದ ಎಡಬದಿಯ ನಾದ ಕಾರಿನಲ್ಲಿ ಕಳೆದುಹೋಗುವುದು ಇಲ್ಲೇ.

ಇದಕ್ಕೆ ಮದ್ದು ಸುಲಭ. ಬಾಗಿಲಿನ ತಗಡಿಗೆ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಬೇಕು. ಮಳೆನೀರು ಇಳಿಯುವ ಕೆಳತುದಿಯ ತೂತುಗಳನ್ನು ಬಿಟ್ಟು ಉಳಿದವನ್ನು ಮುಚ್ಚಬೇಕು. ಆಮೇಲೆ ಒಂದು ಜೊತೆ ಆರೂವರೆ ಇಂಚಿನ ಒಳ್ಳೆಯ ಸ್ಪೀಕರ್ ಸಾಕು. ಹಣ ಕಡಿಮೆ ಇದ್ದರೆ ಸ್ಪೀಕರಿನಲ್ಲಿ ಉಳಿಸಿ, ಡ್ಯಾಂಪಿಂಗ್‌ನಲ್ಲಿ ಉಳಿಸಬೇಡಿ. ಬಾಗಿಲೇ ಇಲ್ಲಿ ಸ್ಪೀಕರಿನ ಪೆಟ್ಟಿಗೆ. ಕಂಪನಿಯ ಸ್ಕ್ರೀನ್ ಮುಟ್ಟುವ ಅಗತ್ಯವೇ ಇಲ್ಲ. ಕಾರಿನ ಸಾಕೆಟ್ಟಿಗೆ ಸರಿಯಾಗಿ ಕೂರುವ ಕಪ್ಲರ್ ಸಿಗುವುದರಿಂದ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಗಾಡಿ ಮಾರುವಾಗ ಹಳೆಯದನ್ನು ಮರಳಿ ಹಾಕಿ, ನಿಮ್ಮದನ್ನು ಮುಂದಿನ ಕಾರಿಗೆ ಒಯ್ಯಿರಿ.

ಇನ್ನೂ ಆಸಕ್ತಿ ಇರುವವರಿಗೆ ಡಿಎಸ್‌ಪಿ ಎಂಬ ಪುಟ್ಟ ಪೆಟ್ಟಿಗೆ ಇದೆ. ನಮ್ಮ ಕಾರುಗಳಲ್ಲಿ ಚಾಲಕ ಕೂರುವುದು ಬಲಕ್ಕೆ. ಬಲಬಾಗಿಲಿನ ಸ್ಪೀಕರ್ ಮೊಣಕಾಲ ಪಕ್ಕದಲ್ಲಿ, ಎಡಬಾಗಿಲಿನದು ಆ ಕೊನೆಯಲ್ಲಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಬಲದ ಹಾಡು ಮೊದಲು ಮುಟ್ಟಿ, ಇಡೀ ಕಛೇರಿ ಬಲಬಾಗಿಲಿಗೆ ಒರಗಿ ಕೂತಂತೆ ಕೇಳುತ್ತದೆ. ಡಿಎಸ್‌ಪಿ ಬಲದ ಸ್ಪೀಕರನ್ನು ಒಂದೆರಡು ಮಿಲಿಸೆಕೆಂಡ್ ತಡೆದು ಹಾಡಿಸುತ್ತದೆ. ಹಾಡುಗಾರ ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಲ್ಲುತ್ತಾನೆ. ಒಮ್ಮೆ ಇದನ್ನು ಕೇಳಿದವರಿಗೆ ಹಳೆಯದು ರುಚಿಸುವುದಿಲ್ಲ.

ಮಹೀಂದ್ರ ಎಕ್ಸ್‌ಯುವಿ700ಕ್ಕೆ ಸೋನಿಯ 12 ಸ್ಪೀಕರ್, ಕ್ರೆಟಾಗೆ ಬೋಸ್ ಬಂದಿಲ್ಲವೇ ಎಂದು ಕೇಳಬಹುದು. ಬಂದಿದೆ, ಮೇಲಿನ ವೇರಿಯಂಟಿಗೆ ಮಾತ್ರ. ಸ್ಪೀಕರ್ ಬೇಕೆಂದರೆ ಸನ್‌ರೂಫನ್ನೂ ಕೊಳ್ಳಿ ಅನ್ನುವುದು ಯಾವ ನ್ಯಾಯ?

ವಿರೋಧ: ಸ್ಪೀಕರಿಗೆಂದು ಹೋದವರು ಸ್ಪೀಕರಿಗೇ ನಿಲ್ಲುವುದಿಲ್ಲ

ಬಾಗಿಲಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಅಲ್ಲಿ ಬರುವ ಗಿರಾಕಿ ಬಹಳ ಸಂಯಮಿ. ಅಂಗಡಿಯಲ್ಲಿ ನಡೆಯುವುದೇ ಬೇರೆ. ಸ್ಪೀಕರ್ ಹಾಕಿದ ಮೇಲೆ ‘ಸರ್, ಇದಕ್ಕೆ ಆಂಪ್ ಇಲ್ಲದಿದ್ದರೆ ವೇಸ್ಟು’ ಅನ್ನುತ್ತಾರೆ. ಆಂಪ್ ಬಂದ ಮೇಲೆ ಸಬ್ ವೂಫರ್. ಅದರ ಪೆಟ್ಟಿಗೆಗೆ ಡಿಕ್ಕಿಯ ಅರ್ಧ ಜಾಗ. ಸಿಎನ್‌ಜಿ ಗಾಡಿಯಾದರೆ ಊರಿಗೆ ಹೋಗುವಾಗ ಬ್ಯಾಗು ಮಕ್ಕಳ ತೊಡೆಯ ಮೇಲೆ.

ಡಬ್ಬದ ಮೇಲಿನ ಅಂಕಿಯನ್ನೂ ನಂಬಬೇಡಿ. ಸ್ಟೀರಿಯೊ ಮೇಲೆ ‘50 ವಾಟ್ × 4’ ಎಂದು ಬರೆದಿರುತ್ತದೆ. ಇಂಜಿನ್ ಓಡುವಾಗ ಸಿಗುವುದು 14 ವೋಲ್ಟ್ ಚಿಲ್ಲರೆ. 4 ಓಮ್ ಸ್ಪೀಕರಿಗೆ ಅಷ್ಟರಲ್ಲಿ ಶುದ್ಧವಾಗಿ ಕೊಡಬಹುದಾದದ್ದು ಇಪ್ಪತ್ತು ವಾಟಿನ ಆಸುಪಾಸು. ಅದಕ್ಕಿಂತ ಹೆಚ್ಚು ಬೇಕೆಂದರೆ ಬೇರೆ ಆಂಪ್ ಇಟ್ಟು ಬ್ಯಾಟರಿಯಿಂದ ನೇರ ವೈರ್ ಎಳೆಯಬೇಕು. ನನ್ನ ನಿಜವಾದ ಭಯ ಇರುವುದು ಅಲ್ಲಿ. 500 ವಾಟಿನ ಆಂಪ್ ಜೋರಾಗಿ ಹಾಡುವಾಗ 40 ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ವೈರನ್ನು ತಾಮ್ರವೆಂದು ಹಾಕಿ, ಬ್ಯಾಟರಿಯ ಬುಡದಲ್ಲಿ ಫ್ಯೂಸ್ ಬಿಟ್ಟರೆ, ಎಲ್ಲೋ ತಗಡಿನ ಅಂಚಿಗೆ ತಗುಲಿ ಸವೆದ ವೈರು ಶಾರ್ಟ್ ಆದಾಗ ಕರೆಂಟು ತಡೆಯುವವರಿಲ್ಲ. ಬೆಂಕಿಗೆ ಅಷ್ಟು ಸಾಕು.

ಕಪ್ಲರ್ ಸಿಗುತ್ತದೆ, ನಿಜ. ಸ್ಟಾಕ್ ಇಲ್ಲದ ದಿನ ಅಂಗಡಿಯ ಹುಡುಗ ಕಟರ್ ಕೈಗೆತ್ತಿಕೊಳ್ಳುತ್ತಾನೆ. ಆಮೇಲೆ ವೈರಿಂಗಿನಲ್ಲಿ ಏನೇ ಕೆಟ್ಟರೂ ಸರ್ವಿಸ್ ಸೆಂಟರಿನವರು ಮೊದಲು ತೋರಿಸುವುದು ಆ ಟೇಪ್ ಸುತ್ತಿದ ಜಾಯಿಂಟನ್ನು. ಹೊರಗಿನ ಸಾಮಾನಿನಿಂದ ಆದ ದೋಷಕ್ಕೆ ವಾರಂಟಿ ಇಲ್ಲವೆಂದು ಬುಕ್‌ಲೆಟ್ಟಿನಲ್ಲೇ ಅಚ್ಚಾಗಿರುತ್ತದೆ. ಟ್ವೀಟರ್ ಕೂರಿಸಲು ಮುಂಗಾಜಿನ ಪಕ್ಕದ ಕಂಬವನ್ನು ಕೊರೆಯುವವರಿದ್ದಾರೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದನ್ನು ಮುಟ್ಟಬಾರದು. ಬ್ರ್ಯಾಂಡಿನ ಹೆಸರಿರುವ ಹಲವು ಸಿಸ್ಟಮ್‌ಗಳಲ್ಲಂತೂ ಸ್ಪೀಕರಿನ ಓಮ್, ಆಂಪ್, ಈಕ್ವಲೈಸರ್ ಮೂರೂ ಒಂದಕ್ಕೊಂದು ಕೂರಿಸಿದವು. ಒಂದನ್ನು ಬದಲಿಸಿದರೆ ಉಳಿದೆರಡು ಕೆಟ್ಟದಾಗಿ ಹಾಡುತ್ತವೆ. ಹಳೆಯ 180 × 50ರ ಖಾನೆಯ ನೆನಪು ಚೆಂದ. ಈಗ ಆ ಜಾಗದಲ್ಲಿರುವ ಸ್ಕ್ರೀನಿನ ಬೆನ್ನಿಗೆ ರಿವರ್ಸ್ ಕ್ಯಾಮೆರಾ ಇದೆ, ಕೆಲವು ಕಾರುಗಳಲ್ಲಿ ಎ.ಸಿ.ಯೂ ಇದೆ. ಅಗ್ಗದ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿ, ಅದು ಆನ್ ಆಗುವವರೆಗೆ ಗೇಟಿನ ಬಳಿ ಕಾಯುವವರನ್ನು ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಕಾಣಬಹುದು.

ಅಷ್ಟಕ್ಕೂ ಕೇಳುವುದೇನು? ಎಫ್ಎಂನಲ್ಲಿ 15 ಕಿಲೋಹರ್ಟ್ಜ್‌ಗಿಂತ ಮೇಲಿನ ಸ್ವರವೇ ಬರುವುದಿಲ್ಲ. 1960ರ ದಶಕದ ನಮ್ಮ ಸಿನಿಮಾ ಹಾಡುಗಳ ಧ್ವನಿಮುದ್ರಣ ಬಹುಪಾಲು ಮೋನೊ. ಅದರಲ್ಲಿ ಸಬ್ ವೂಫರಿಗೆ ಕೆಲಸವೂ ಕಮ್ಮಿ, ಡಿಎಸ್‌ಪಿ ಅವುಗಳ ಜಾಗದಲ್ಲಿ ನಿಲ್ಲಿಸಲು ಎಡಬಲದ ವಾದ್ಯಗಳೂ ಇಲ್ಲ. ಮೈಸೂರು ಹೆದ್ದಾರಿಯಲ್ಲಿ 80ರ ವೇಗಕ್ಕೆ ಹೋದರೆ ಟೈರು, ಗಾಳಿಯ ಸದ್ದು ಸೇರಿ ಕಾರಿನೊಳಗೇ 65–70 ಡೆಸಿಬಲ್ ಗದ್ದಲ. ಅದರ ಬಹುಭಾಗ ಮಂದ್ರದಲ್ಲೇ ಇರುವುದರಿಂದ ತಂಬೂರಿಯ ಆ ತಂತಿ ಮತ್ತೆ ಮುಳುಗುತ್ತದೆ, ನಾವು ವಾಲ್ಯೂಮ್ ಏರಿಸುತ್ತೇವೆ. ಡ್ಯಾಂಪಿಂಗ್ ಶೀಟಿಗೆ ನನ್ನ ತಕರಾರಿಲ್ಲ. ಆ ಗದ್ದಲವನ್ನು ಸ್ವಲ್ಪವಾದರೂ ತಗ್ಗಿಸುವುದು ಅದೊಂದೇ.

ಮೊದಲು ಈಗಿರುವ ಸಿಸ್ಟಮ್ಮಿನ ಬಾಸ್, ಟ್ರೆಬಲ್, ಫೇಡರ್ ಸರಿಮಾಡಿ ಒಂದು ವಾರ ಕೇಳಿ. ಆಮೇಲೂ ಬದಲಿಸಲೇಬೇಕು ಅನ್ನಿಸಿದರೆ ಜಿಎಸ್‌ಟಿ ಬಿಲ್ ತಗೊಂಡು ವಿಮಾ ಕಂಪನಿಗೆ ತಿಳಿಸಿ. ಕಾರಿನ ಬೆಲೆಯಲ್ಲಿ ಸೇರದ ಎಲೆಕ್ಟ್ರಾನಿಕ್ ಸಾಮಾನಿಗೆ ಪಾಲಿಸಿಯಲ್ಲಿ ಬೇರೆಯೇ ಕಾಲಂ ಇದೆ. ಮೋಟಾರ್ ಟ್ಯಾರಿಫ್‌ನ ಐಎಂಟಿ-24ರಲ್ಲಿ ಅದಕ್ಕೆ ಹೇಳಿರುವ ಪ್ರೀಮಿಯಂ ಸಾಮಾನಿನ ಮೌಲ್ಯದ ಶೇ 4. ಅಂಗಡಿಯಿಂದ ಹೊರಡುವ ಮುಂಚೆ ಬಾನೆಟ್ ಎತ್ತಿಸಿ, ಬ್ಯಾಟರಿಯ ಪಕ್ಕ ಫ್ಯೂಸ್ ಹಾಕಿದ್ದಾರೆಯೇ ಎಂದು ನೀವೇ ನೋಡಿ.