ಜಾಲಹಳ್ಳಿಯ ಕೈಗಡಿಯಾರವೂ ಮಾರ್ಕ್ಸನ ಮಹಾಗ್ರಂಥವೂ

ಕೆಲವು ಗ್ರಂಥಗಳಿಗೆ ಒಂದು ವಿಚಿತ್ರವಾದ ಯೋಗವುಂಟು. ಅವುಗಳ ಹೆಸರನ್ನು ಅರಿಯದವರಿಲ್ಲ. ಹೊಗಳುವವರೂ ತೆಗಳುವವರೂ ಅಸಂಖ್ಯ. ಓದಿ ಮುಗಿಸಿದವರು ಮಾತ್ರ ವಿರಳ. ಕಾರ್ಲ್ ಮಾರ್ಕ್ಸನ ‘ದಾಸ್ ಕ್ಯಾಪಿಟಲ್’ ಈ ಪಂಕ್ತಿಯಲ್ಲಿ ಅಗ್ರಸ್ಥಾನದಲ್ಲಿ ಕುಳಿತಿದೆ. ಇದರ ಮೊದಲನೆಯ ಸಂಪುಟ ಹೊರಬಂದುದು 1867ರಲ್ಲಿ. ಉಳಿದೆರಡನ್ನು ಕರ್ತೃವಿನ ಮರಣಾನಂತರ ಮಿತ್ರನಾದ ಏಂಗೆಲ್ಸನು 1885ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದನು. ಉತ್ಸಾಹದಿಂದ ಕೊಂಡು ತಂದ ಓದುಗನು ಮೊದಲನೆಯ ಅಧ್ಯಾಯದಲ್ಲಿಯೇ, ಇಪ್ಪತ್ತು ಗಜ ನಾರುಬಟ್ಟೆಗೂ ಒಂದು ಕೋಟಿಗೂ ಹೂಡಿದ ಸಮೀಕರಣದ ನಡುವೆ ದಾರಿ ತಪ್ಪಿ, ಪುಸ್ತಕವನ್ನು ಮೆಲ್ಲನೆ ಬೀರುವಿಗೆ ಸೇರಿಸಿಬಿಡುತ್ತಾನೆ.

ಇದು ಓದುಗನ ಮಂದಬುದ್ಧಿಯ ಫಲವೆಂದು ತಿಳಿಯಬೇಕಾಗಿಲ್ಲ. ಈ ಭಯ ಗ್ರಂಥಕರ್ತನಿಗೇ ಇದ್ದಿತು. ಆರಂಭದ ಅಧ್ಯಾಯಗಳ ಕಾಠಿಣ್ಯವನ್ನು ಕಂಡು ಜನ ಹಿಂದೆ ಸರಿದಾರೆಂಬ ಅಳುಕನ್ನು ಅವನು 1872ರಲ್ಲಿ ಫ್ರೆಂಚ್ ಆವೃತ್ತಿಗಾಗಿ ಬರೆದ ಮಾತುಗಳಲ್ಲಿ ಮುಚ್ಚಿಡಲಿಲ್ಲ. ಅದಕ್ಕೂ ಮುಂಚೆ, 1867ರ ನವೆಂಬರಿನಲ್ಲಿ, ವೈದ್ಯಮಿತ್ರ ಕೂಗೆಲ್ಮನ್ನನಿಗೆ ಬರೆದ ಕಾಗದದಲ್ಲಿ ಆತನ ಪತ್ನಿಗೆಂದು ಒಂದು ಸುಲಭೋಪಾಯವನ್ನೂ ಸೂಚಿಸಿದ್ದನು: ದುಡಿಮೆಯ ದಿನ, ಶ್ರಮವಿಭಜನೆ, ಯಂತ್ರಗಳು, ಬಂಡವಾಳದ ಮೂಲಸಂಚಯ ಇವನ್ನು ಕುರಿತ ಅಧ್ಯಾಯಗಳು ಸರಾಗವಾಗಿ ಓದಿಸಿಕೊಳ್ಳುತ್ತವೆ ಎಂದು. ವೈದ್ಯಪತ್ನಿಗೆ ದೊರೆತ ಈ ರಿಯಾಯಿತಿಯನ್ನು ಉಳಿದವರು ಪಡೆಯಬಾರದೆಂಬ ನಿಯಮವೇನೂ ಇಲ್ಲ.

ಶ್ರಮವಿಭಜನೆಯ ಅಧ್ಯಾಯವನ್ನು ತೆರೆದರೆ ಅಲ್ಲಿ ಕಾಣುವುದು ಕೈಗಡಿಯಾರ. ಹಿಂದೆ ನ್ಯೂರೆಂಬರ್ಗಿನ ಒಬ್ಬನೇ ಕುಶಲಿಯ ಕೈಕೆಲಸವಾಗಿದ್ದುದು ಹೇಗೆ ಸ್ಪ್ರಿಂಗು ಮಾಡುವವನು, ಡಯಲು ಮಾಡುವವನು, ಮುಳ್ಳು ಮಾಡುವವನು, ಹರಳಿಗೆ ರಂಧ್ರ ಕೊರೆಯುವವನು, ತಿರುಪು ಮಾಡುವವನು ಎಂದು ಹತ್ತಾರು ಜನರ ನಡುವೆ ಹಂಚಿಹೋಯಿತೆಂಬುದನ್ನು ಮಾರ್ಕ್ಸನು ಉದ್ದನೆಯ ಪಟ್ಟಿಯಲ್ಲಿ ಹೇಳುತ್ತಾನೆ. ಬೆಂಗಳೂರಿನ ಉತ್ತರ ಭಾಗದವರಿಗೆ ಈ ಪಟ್ಟಿ ಅಪರಿಚಿತವಾಗಿ ತೋರಲಾರದು. ಯಶವಂತಪುರದಿಂದ ಕೂಗಳತೆಯಲ್ಲಿರುವ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಕಾರ್ಖಾನೆ ನೆಲೆಗೊಂಡಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಅಲ್ಲಿ ಗಡಿಯಾರಗಳ ತಯಾರಿಕೆ ಮೊದಲಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಹಸೆಯೇರುವ ಅಳಿಯನಿಗೆ, ನಿವೃತ್ತರಾಗುವ ಗುಮಾಸ್ತರಿಗೆ ಎಚ್.ಎಂ.ಟಿ. ಗಡಿಯಾರವನ್ನು ಕೊಟ್ಟ ಕಾಲ ಈ ಊರಿನ ಎಷ್ಟೋ ಮನೆಗಳಲ್ಲಿ ಇನ್ನೂ ಮರೆತುಹೋಗಿಲ್ಲ. ಹದಿನೇಳು ಹರಳುಗಳ ‘ಜನತಾ’, ಬೆಳಗಾದರೆ ಕೀ ಕೊಡಬೇಕಾದುದು, ಇಂದಿಗೂ ಕೆಲವು ಬೀರುಗಳಲ್ಲಿ ರೇಷ್ಮೆ ಸೀರೆಗಳ ಮಗ್ಗುಲಲ್ಲಿ ಮಲಗಿದೆ.

ಈ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಮೊದಲನೆಯ ಅಧ್ಯಾಯಕ್ಕೆ ಹಿಂದಿರುಗಬಹುದು. ಅಲ್ಲಿ ಓದುಗನನ್ನು ಎಡವಿಸುವ ಕಲ್ಲು ಒಂದೇ. ಸರಕಿನ ಮೌಲ್ಯವನ್ನು ಅದರಲ್ಲಿ ಅಡಗಿರುವ ಶ್ರಮದಿಂದ ಅಳೆಯಬೇಕೆಂದು ಮಾರ್ಕ್ಸನು ಹೇಳುತ್ತಾನೆ. ಹಾಗಾದರೆ ಸೋಮಾರಿಯು ಹತ್ತು ದಿನ ಎಳೆದಾಡಿ ಮಾಡಿದ ಗಡಿಯಾರವು ಚುರುಕು ಕೈಯವನು ಒಂದು ದಿನದಲ್ಲಿ ಮಾಡಿದುದಕ್ಕಿಂತ ಬೆಲೆಬಾಳಬೇಕಲ್ಲವೆ ಎಂದು ಕೇಳಿ, ಗ್ರಂಥವನ್ನು ಅಲ್ಲಿಗೇ ಮುಚ್ಚಿ ನಗುವವರುಂಟು. ಈ ನಗೆಗೆ ಉತ್ತರ ಅದೇ ಪುಟಗಳಲ್ಲಿದೆ. ಎಣಿಕೆಗೆ ಬರುವುದು ಒಬ್ಬನು ವ್ಯಯಿಸಿದ ಕಾಲವಲ್ಲ. ಆಯಾ ಕಾಲದ ಸಾಧಾರಣ ಸಲಕರಣೆ ಮತ್ತು ಸಾಧಾರಣ ನೈಪುಣ್ಯಗಳಿಂದ ಆ ವಸ್ತುವನ್ನು ಮಾಡಲು ಸಮಾಜಕ್ಕೆ ಬೇಕಾಗುವ ಕಾಲ. ಇಂಗ್ಲೆಂಡಿಗೆ ಯಂತ್ರಮಗ್ಗ ಬಂದಾಗ ನೇಯ್ಗೆಗೆ ಬೇಕಾದ ಶ್ರಮವು ಸುಮಾರು ಅರ್ಧಕ್ಕಿಳಿಯಿತು. ಕೈಮಗ್ಗದವನು ಹಿಂದಿನಷ್ಟೇ ಹೊತ್ತು ದುಡಿದನು. ಆದರೆ ಅವನ ಒಂದು ಗಂಟೆಯನ್ನು ಪೇಟೆಯು ಅರ್ಧ ಗಂಟೆಯೆಂದು ಎಣಿಸಿತು. ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ಮಗ್ಗಗಳ ಸದ್ದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಲಹಳ್ಳಿಗೆ ಆ ಯಂತ್ರಮಗ್ಗವು ಕ್ವಾರ್ಟ್ಜ್ ಎಂಬ ಸ್ಫಟಿಕದ ರೂಪದಲ್ಲಿ ಬಂದಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಹರಳೂ ಒಂದು ಬಿಲ್ಲೆಯಷ್ಟು ಬ್ಯಾಟರಿಯೂ ಸೇರಿ, ನೂರಕ್ಕೂ ಮಿಕ್ಕ ಸೂಕ್ಷ್ಮ ಭಾಗಗಳು ಮಾಡುತ್ತಿದ್ದ ಕೆಲಸವನ್ನು ಇನ್ನೂ ಕರಾರುವಾಕ್ಕಾಗಿ ಮಾಡತೊಡಗಿದವು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ಹೊಸೂರಿನಿಂದ ಇಂತಹ ಗಡಿಯಾರಗಳನ್ನೇ ಪೇಟೆಗೆ ತಂದಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡದೆ ಇರಲಿಲ್ಲ. ಅದರ ಅವನತಿಗೆ ಕಾರಣಗಳು ಹಲವು. ಆದರೆ ಭೂತಗನ್ನಡಿಯನ್ನು ಕಣ್ಣಿಗಿಟ್ಟು, ಕೂದಲೆಳೆಯಂತಹ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗಳ ಪಾಡೇನಾಯಿತು? ಆ ಕೈಗಳು ನಡುಗಲಿಲ್ಲ, ನಿಧಾನವಾಗಲಿಲ್ಲ, ತಪ್ಪು ಮಾಡಲಿಲ್ಲ. ಅವುಗಳ ಒಂದು ಗಂಟೆ ಮಾತ್ರ ಬೇರೆಲ್ಲಿಯೋ ಕುಗ್ಗಿಹೋಯಿತು. ಕಾರ್ಖಾನೆಯ ಒಡೆಯ ಇಲ್ಲಿ ಸರ್ಕಾರವೇ. ಲಾಭವನ್ನು ಗಂಟುಕಟ್ಟುವ ಗಿರಣಿದೊರೆ ಯಾರೂ ಇರಲಿಲ್ಲ. ಆದರೇನು, ಸರಕು ಯಾರ ಮನೆಯದೆಂದು ಪೇಟೆಯು ವಿಚಾರಿಸುವುದಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು.

ಇಷ್ಟಾದ ಮೇಲೆ ನಡೆದುದು ಸ್ವಾರಸ್ಯಕರವಾಗಿದೆ. ಯಾರೂ ಕೇಳದಿದ್ದ ಹಳೆಯ ‘ಜನತಾ’, ‘ಪೈಲಟ್’ಗಳನ್ನು ಸಂಗ್ರಾಹಕರು ಮೊದಲಿನ ಬೆಲೆಯ ಹಲವು ಪಟ್ಟು ಕೊಟ್ಟು ಕೊಳ್ಳತೊಡಗಿದರು. ಒಳಗಿನ ಶ್ರಮ ಒಂದು ನಿಮಿಷವೂ ಹೆಚ್ಚಲಿಲ್ಲ, ಬೆಲೆ ಹೆಚ್ಚಿತು. ಅಪರೂಪದ ವಸ್ತುಗಳು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲವೆಂದು ಮಾರ್ಕ್ಸನಿಗಿಂತ ಮುಂಚೆಯೇ ರಿಕಾರ್ಡೋ 1817ರಲ್ಲಿ ಒಪ್ಪಿದ್ದನು. ಮಾರ್ಕ್ಸನೂ ಮೂರನೆಯ ಸಂಪುಟದಲ್ಲಿ ಪ್ರಾಚೀನ ವಸ್ತುಗಳ ಬೆಲೆಯನ್ನು ಬದಿಗಿರಿಸುತ್ತಾನೆ. ಕೊಳ್ಳುವವನ ಆಸೆಯಿಂದಲೇ ಮೌಲ್ಯವನ್ನು ಅಳೆಯಬೇಕೆಂದು 1870ರ ದಶಕದಿಂದೀಚೆಗೆ ಹೊರಟ ಜೆವನ್ಸ್, ಮೆಂಗರ್ ಮೊದಲಾದವರಿಗೆ ಸಂಗ್ರಾಹಕನು ಒಗಟೇ ಅಲ್ಲ. ಈ ಒಂದು ವಿಷಯದಲ್ಲಿ ಅವರ ಮಾರ್ಗವೇ ಸರಳವೆಂದು ಒಪ್ಪಬೇಕು. ಚಿಮಟ ಹಿಡಿದಿದ್ದ ಕೈಯ ಸಂಕಟವನ್ನು ಅರಿಯಲು ಮಾತ್ರ ಮಾರ್ಕ್ಸನ ಆ ನಾಲ್ಕು ಪುಟಗಳೇ ಹೆಚ್ಚು ಒದಗುತ್ತವೆ. ಅವನ ಉಳಿದ ತೀರ್ಮಾನಗಳನ್ನು ಒಪ್ಪದವರೂ ಅವುಗಳನ್ನು ಓದಬಹುದು.

ಮುಂದೆ ಹೋಗಬಯಸುವವರಿಗೆ ದುಡಿಮೆಯ ದಿನದ ಅಧ್ಯಾಯವಿದೆ. ಅಲ್ಲಿ ಗಡಿಯಾರ ಮತ್ತೊಮ್ಮೆ ಎದುರಾಗುತ್ತದೆ, ಈ ಸಲ ಕೈಯ ಮೇಲಲ್ಲ, ಗಿರಣಿಯ ಗೋಡೆಯ ಮೇಲೆ. 1844ರ ಇಂಗ್ಲೆಂಡಿನ ಶಾಸನವೊಂದು, ಕೆಲಸದ ವೇಳೆಯನ್ನು ಮಾಲೀಕನ ಗಡಿಯಾರಕ್ಕೆ ಬಿಟ್ಟುಬಿಡದೆ, ಅದನ್ನು ಸಾರ್ವಜನಿಕ ಗಡಿಯಾರವೊಂದಕ್ಕೆ, ಎಂದರೆ ಹತ್ತಿರದ ರೈಲು ನಿಲ್ದಾಣದ ಗಡಿಯಾರದಂತಹುದಕ್ಕೆ, ಸರಿಹೊಂದಿಸಬೇಕೆಂದು ವಿಧಿಸಿತು.