ಹನ್ನೆರಡು ಶಬ್ದಗಳ ಬೀಗದ ಕೈ

ಕೃಷ್ಣಾ-ವಾರಣಾ ಸಂಗಮದ ದಂಡೆಯ ಹರಿಪುರವನ್ನು ಸಾಂಗಲಿ ಸೀಮೆಯವರೆಲ್ಲ ಬಲ್ಲರು. ಅಲ್ಲಿಯ ಗಟ್ಟಿ ನೆಲದಲ್ಲಿ ತೋಡಿದ ಪೇವುಗಳಲ್ಲಿ, ಅಂದರೆ ನಮ್ಮ ಕನ್ನಡದ ಹಗೇವುಗಳಲ್ಲಿ, ಅರಿಶಿಣವನ್ನು ಕೆಡದಂತೆ ವರ್ಷಗಟ್ಟಲೆ ಇಡುತ್ತಿದ್ದರು. ಸರಕು ನೆಲದೊಳಗೆ, ಅದರ ಲೆಕ್ಕ ವಹಿಯಲ್ಲಿ. ವಹಿಯಲ್ಲಿ ಹೆಸರು ಬದಲಾದರೆ ಸರಕಿನ ಒಡೆಯನೂ ಬದಲಾದಂತೆಯೇ. ಮನೆಯ ಗಲ್ಲೆಯಲ್ಲಿ ಅರಿಶಿಣವನ್ನು ಹುಡುಕುವ ಮೂರ್ಖನು ಯಾವನೂ ಇರಲಿಲ್ಲ.

ಇಂದು ಮೊಬೈಲಿನ ವಾಲೆಟ್ಟಿನ ವಿಷಯದಲ್ಲಿ ಅನೇಕರು ಮಾಡುತ್ತಿರುವುದು ಇಂಥದೇ ತಪ್ಪು. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳು ತಮ್ಮ ಮೊಬೈಲಿನೊಳಗೆ ಇವೆಯೆಂದು ಅವರು ತಿಳಿದಿದ್ದಾರೆ. ಮೊಬೈಲು ಒಡೆದರೆ ಹಣ ಹೋಯಿತೆಂದು ಅಳುತ್ತಾರೆ. ಮೊಬೈಲು ಕೈಯಲ್ಲಿದ್ದರೆ ಹಣವೂ ಇದೆಯೆಂದು ನೆಮ್ಮದಿಯಿಂದಿರುತ್ತಾರೆ. ಎರಡೂ ತಪ್ಪು. ಈ ನಾಣ್ಯದಲ್ಲಿ ಹಣ ತೊಡಗಿಸಿರೆಂದಾಗಲಿ, ಬೇಡವೆಂದಾಗಲಿ ಹೇಳುವುದು ಈ ಅಂಕಣದ ಉದ್ದೇಶವಲ್ಲ. ಆದರೆ ಅದು ಈಗಾಗಲೇ ಜತ್ತ, ಮಿರಜ ತಾಲೂಕುಗಳ ಮನೆಗಳನ್ನೂ ಹೊಕ್ಕಿರುವುದರಿಂದ, ಅದರ ಯಂತ್ರಾಂಶವು ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟಾಗ ಏನು ಮಾಡಬೇಕು ಎಂಬುದನ್ನು ತಿಳಿಯುವುದು ಅವಶ್ಯ.

ಮೊದಲು ವಹಿಯ ವಿಚಾರ. ನಮ್ಮ ಹೊಲದ ಸಾತಬಾರಾ ಉತಾರ ತಲಾಠಿಯ ಕಚೇರಿಯ ದಾಖಲೆಯಿಂದ ಬರುತ್ತದೆ. ಇಡೀ ತಾಲೂಕಿನ ಉತಾರಗಳ ಪ್ರತಿಯನ್ನು ಸಾವಿರಾರು ಜನರು ತಮ್ಮ ತಮ್ಮ ಮನೆಯಲ್ಲಿಟ್ಟುಕೊಂಡು, ಯಾವುದೇ ಹೊಸ ನೋಂದಣಿಯನ್ನು ಪ್ರತಿಯೊಬ್ಬರೂ ಸ್ವತಃ ಪರಿಶೀಲಿಸಿಯೇ ಬರೆದುಕೊಳ್ಳುತ್ತಾರೆಂದು ಭಾವಿಸಿರಿ. ಆಗ ಒಬ್ಬ ತಲಾಠಿ ದಾಖಲೆ ತಿದ್ದಿದರೂ ಉಳಿದವರು ಅದನ್ನು ಒಪ್ಪುವುದಿಲ್ಲ. ಬಿಟ್‌ಕಾಯಿನ್ನಿನಲ್ಲಿ ಹೀಗೆ ಪೂರ್ಣ ವಹಿಯನ್ನು ಪರಿಶೀಲಿಸುವ ಒಂದೊಂದು ಗಣಕಯಂತ್ರಕ್ಕೂ ‘ನೋಡ್’ ಎಂದು ಹೆಸರು. 2009ರ ಜನವರಿ 3ರಂದು ಆ ವಹಿಯ ಮೊದಲ ಪುಟ ಬರೆಯಲ್ಪಟ್ಟಿತು. ಅಂದಿನಿಂದ ಸರಾಸರಿ 10 ನಿಮಿಷಕ್ಕೊಂದರಂತೆ, ದಿನಕ್ಕೆ ಸುಮಾರು 144 ಪುಟಗಳು ಕೂಡುತ್ತ ಬಂದಿವೆ. ಈ ಪುಟಕ್ಕೇ ‘ಬ್ಲಾಕ್’ ಎನ್ನುವುದು.

ವಾಲೆಟ್ಟಿನಲ್ಲಿ ಇರುವುದು ನಾಣ್ಯವಲ್ಲ, ಬೀಗದ ಕೈ ಮಾತ್ರ. ಆ ಕೈ ಇದ್ದವನು ವಹಿಯಲ್ಲಿಯ ತನ್ನ ಹೆಸರಿನ ನಾಣ್ಯವನ್ನು ಇನ್ನೊಬ್ಬರಿಗೆ ಬರೆದುಕೊಡಬಲ್ಲನು. ಆದ್ದರಿಂದ ಕೈ ಯಾರ ಬಳಿ ಇದೆ ಎಂಬುದೇ ಮೊದಲ ಪ್ರಶ್ನೆ. ವಿನಿಮಯ ಕೇಂದ್ರದ ಆ್ಯಪಿನಲ್ಲಿ ಕೊಂಡ ನಾಣ್ಯದ ಕೈ ಆ ಕೇಂದ್ರದ ಬಳಿ ಇರುತ್ತದೆ. ನಿಮ್ಮ ಬಳಿ ಇರುವುದು ಅವರ ಲೆಕ್ಕದಲ್ಲಿಯ ಒಂದು ಸಾಲು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಕೇಂದ್ರದ ವಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಗ್ರಾಹಕರು ತಮ್ಮದೇ ಹಣವನ್ನು ಹಿಂದೆಗೆಯಲಾಗದೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಇನ್ನೂ ಹತ್ತಿರದ ಪ್ರಸಂಗ ಪುಣೆಯದು. ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಲಾಭ ಕೊಡುವೆವೆಂದು ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯು ಜನರಿಂದ ನಾಣ್ಯ ಸಂಗ್ರಹಿಸಿತ್ತು. 2018ರಲ್ಲಿ ಪುಣೆಯ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ತನಿಖೆಗೆ ನೆರವಾಗಲೆಂದು ಕರೆಸಿಕೊಂಡಿದ್ದ ಇಬ್ಬರು ತಜ್ಞರನ್ನೇ, ಆರೋಪಿಗಳ ವಾಲೆಟ್ಟುಗಳಿಂದ ನಾಣ್ಯ ಸರಿಸಿದರೆಂಬ ಆರೋಪದ ಮೇಲೆ, ಅದೇ ಪೊಲೀಸರು 2022ರ ಮಾರ್ಚಿನಲ್ಲಿ ಬಂಧಿಸಬೇಕಾಯಿತು. ಬೀಗದ ಕೈ ಯಾರ ಕಣ್ಣಿಗೆ ಬಿದ್ದರೂ ಅಪಾಯವೇ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ಕೈಯನ್ನು ತಾನೇ ಇಟ್ಟುಕೊಳ್ಳುವವನು ಹೇಗೆ ಇಡಬೇಕು? ವಾಲೆಟ್ಟನ್ನು ಮೊದಲ ಸಲ ತೆರೆದಾಗ ಅದು 12 ಅಥವಾ 24 ಶಬ್ದಗಳನ್ನು ತೋರಿಸಿ, ಬರೆದುಕೊಳ್ಳಿರಿ ಎನ್ನುತ್ತದೆ. ಈ ಶಬ್ದಗಳೇ ಮೂಲ ಕೀಲಿ. ಮೊಬೈಲು ಬಾವಿಯಲ್ಲಿ ಬಿದ್ದರೂ ಈ ಶಬ್ದಗಳಿದ್ದರೆ ಹೊಸ ಮೊಬೈಲಿನಲ್ಲಿ ಎಲ್ಲವೂ ಮರಳಿ ದೊರೆಯುತ್ತದೆ. ಶಬ್ದಗಳು ಹೋದರೆ ಯಾವ ಬ್ಯಾಂಕಿನ ಮ್ಯಾನೇಜರನೂ, ಯಾವ ನ್ಯಾಯಾಲಯವೂ ಅವನ್ನು ಹುಟ್ಟಿಸಿ ಕೊಡಲಾರದು.

ಕನ್ನಡ ಶಾಲೆಯ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ಹೆಚ್ಚಿನ ವಾಲೆಟ್ಟುಗಳು ಅನುಸರಿಸುವ ಪದ್ಧತಿಯಲ್ಲಿ 2048 ಶಬ್ದಗಳ ಗೊತ್ತಾದ ಪಟ್ಟಿಯೊಂದಿದೆ. ಜಪಾನಿ, ಕೊರಿಯನ್, ಚೀನಿ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಚೆಕ್, ಪೋರ್ಚುಗೀಸ್ ಭಾಷೆಗಳಿಗೂ ಪಟ್ಟಿಗಳಿವೆ. ಕನ್ನಡಕ್ಕಿಲ್ಲ, ಮರಾಠಿಗಿಲ್ಲ, ಹಿಂದಿಗೂ ಇಲ್ಲ. ವ್ಯವಹಾರದಲ್ಲಿ ನಮ್ಮ ಪಾಲಿಗೆ ಬರುವುದು ಇಂಗ್ಲಿಷ್ ಪಟ್ಟಿಯೇ. ಇಂಗ್ಲಿಷ್ ಓದಲು ಬಾರದ ಹಿರಿಯರು ಆ ಶಬ್ದಗಳನ್ನು ಓದಿಸಿ ಕೇಳಿ, ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಏನಾದೀತು? ಆ ಪಟ್ಟಿಯಲ್ಲಿ ‘ಸರಿ’ ಎಂಬ ಅರ್ಥದ ‘ರೈಟ್’ ಇದೆ, ‘ಬರೆ’ ಎಂಬ ಅರ್ಥದ ‘ರೈಟ್’ ಕೂಡ ಇದೆ. ಕನ್ನಡದಲ್ಲಿ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ ಬೇರೆ ಕೀಲಿಗಳು. ಆದ್ದರಿಂದ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ, ಬಿಡಿ ಬಿಡಿಯಾಗಿ, ಕ್ರಮಸಂಖ್ಯೆ ಹಾಕಿ ಬರೆಯಬೇಕು. ಕ್ರಮ ತಪ್ಪಿದರೂ ಕೀಲಿ ಬದಲಾಗುತ್ತದೆ. ಒಂದು ಸಮಾಧಾನವಿದೆ: ಆ ಇಂಗ್ಲಿಷ್ ಪಟ್ಟಿಯಲ್ಲಿ ಯಾವ ಎರಡು ಶಬ್ದಗಳ ಮೊದಲ ನಾಲ್ಕು ಅಕ್ಷರಗಳೂ ಒಂದೇ ಆಗಿಲ್ಲ. ಮೊದಲ ನಾಲ್ಕು ಅಕ್ಷರಗಳು ಸ್ಪಷ್ಟವಾಗಿದ್ದರೆ, ಮುಂದಿನದು ಅಳಿಸಿದ್ದರೂ ಶಬ್ದವನ್ನು ಗುರುತಿಸಬಹುದು.

ಇಂಗ್ಲಿಷ್ ಬರುವುದೆಂದು ಮನೆಯ ಏಳನೆಯ ಅಥವಾ ಎಂಟನೆಯ ತರಗತಿಯ ಮಗುವಿನ ಕೈಗೆ ಈ ಕೆಲಸ ಒಪ್ಪಿಸುವ ರೂಢಿ ಬೆಳೆಯುತ್ತಿದೆ. ಇದು ಮಗುವಿನ ಮೇಲೆ ಹೊರಿಸಬಾರದ ಭಾರ. ಮಗು ಅಕ್ಷರ ಗುರುತಿಸಲು ನೆರವಾಗಲಿ. ಆದರೆ ಬರೆಯುವವರು, ಸರಿನೋಡುವವರು, ಇಡುವವರು ಹಿರಿಯರೇ ಆಗಿರಲಿ. ಆ ಕಾಗದದ ಚಿತ್ರ ತೆಗೆಯಬಾರದು, ವಾಟ್ಸ್‌ಆ್ಯಪಿನಲ್ಲಿ ಕಳಿಸಬಾರದು, ಶಾಲೆಯ ನೋಟುಬುಕ್ಕಿನ ಹಿಂಬದಿಯಲ್ಲಿ ಬರೆಯಬಾರದು.

ಬರೆದ ಮೇಲೆ ಪರೀಕ್ಷಿಸಬೇಕು. ಖಾನಾಪುರ, ಆಟಪಾಡಿ ಕಡೆಯ ಗಲಾಯಿಯವರು ದೇಶದ ಊರೂರುಗಳಲ್ಲಿ ಬಂಗಾರ-ಬೆಳ್ಳಿ ಕರಗಿಸುವ ಅಂಗಡಿ ನಡೆಸುತ್ತಾರೆ. ಬಂಗಾರದ ಕಸುಬು ಬಲ್ಲವರು ಪರೀಕ್ಷಿಸದೆ ಬೆಲೆ ಕಟ್ಟುವುದಿಲ್ಲ. ಅದೇ ನೀತಿ ಇಲ್ಲಿಯೂ ಇರಲಿ. ಅತ್ಯಲ್ಪ ಮೊತ್ತವನ್ನು ಮಾತ್ರ ವಾಲೆಟ್ಟಿಗೆ ಹಾಕಿ, ವಾಲೆಟ್ಟನ್ನು ಅಳಿಸಿ, ಕಾಗದದ ಶಬ್ದಗಳಿಂದ ಮರಳಿ ತೆರೆದು, ಮೊತ್ತ ಕಾಣುವುದೋ ನೋಡಿರಿ. ಕಂಡ ನಂತರವೇ ಆ ಕಾಗದವನ್ನು ನಂಬಿರಿ.

ಇನ್ನು ಸಾಮಾನ್ಯವಾಗಿ ಎದುರಾಗುವ ತೊಡಕುಗಳು.

ಮೊದಲನೆಯದು, ಮರಳಿ ತೆರೆದ ವಾಲೆಟ್ಟು ಸೊನ್ನೆ ತೋರಿಸುವುದು. ಗಾಬರಿಯಾಗಬೇಕಿಲ್ಲ. ವಾಲೆಟ್ಟು ಇನ್ನೂ ವಹಿಯನ್ನು ಓದಿ ಮುಗಿಸಿರಲಿಕ್ಕಿಲ್ಲ. ಅಥವಾ ಹಳೆಯ ವಾಲೆಟ್ಟು ಒಂದು ಬಗೆಯ ವಿಳಾಸ ಬಳಸಿದ್ದು, ಹೊಸದು ಇನ್ನೊಂದು ಬಗೆಯಲ್ಲಿ ಹುಡುಕುತ್ತಿರಬಹುದು. ಬಿಟ್‌ಕಾಯಿನ್ನಿನಲ್ಲಿ 1ರಿಂದ ಆರಂಭವಾಗುವ ವಿಳಾಸಗಳಿವೆ, 3ರಿಂದ ಆರಂಭವಾಗುವವು ಇವೆ, ಇಂಗ್ಲಿಷಿನ ಬಿ, ಸಿ ಅಕ್ಷರಗಳು ಮತ್ತು 1ರಿಂದ ಆರಂಭವಾಗುವವೂ ಇವೆ. ಹಿಂದೆ ಬಳಸಿದ ವಿಳಾಸ ಯಾವ ಬಗೆಯದೆಂದು ನೋಡಿ, ಅದೇ ಬಗೆಯನ್ನು ಆರಿಸಿ ಮತ್ತೆ ತೆರೆಯಬೇಕು. ಇದಕ್ಕಾಗಿ ಕಾಗದದ ಮೇಲೆ ವಾಲೆಟ್ಟಿನ ಹೆಸರನ್ನೂ ವಿಳಾಸದ ಬಗೆಯನ್ನೂ ಬರೆದಿಡುವುದು ಒಳ್ಳೆಯದು.

ಎರಡನೆಯದು, ಕಳಿಸಿದ ನಾಣ್ಯ ತಲುಪದಿರುವುದು. ಪ್ರತಿ ವ್ಯವಹಾರವೂ ಮೊದಲು ನೋಡುಗಳ ಸರದಿಯಲ್ಲಿ ನಿಲ್ಲುತ್ತದೆ. ಶುಲ್ಕ ಹೆಚ್ಚು ಕೊಟ್ಟದ್ದು ಮುಂದೆ, ಕಡಿಮೆ ಕೊಟ್ಟದ್ದು ಹಿಂದೆ. ದಟ್ಟಣೆಯ ದಿನಗಳಲ್ಲಿ ಕಡಿಮೆ ಶುಲ್ಕದ ವ್ಯವಹಾರ ದಿನಗಟ್ಟಲೆ ನಿಲ್ಲಬಹುದು. ಅನುಕೂಲವಿರುವ ವಾಲೆಟ್ಟಿನಲ್ಲಿ ಶುಲ್ಕ ಹೆಚ್ಚಿಸಿ ಮತ್ತೆ ಕಳಿಸಬಹುದು; ಇಲ್ಲವೇ ಕಾಯಬೇಕು. ಯಾವ ಪುಟಕ್ಕೂ ಸೇರದ ವ್ಯವಹಾರವನ್ನು ಬಿಟ್‌ಕಾಯಿನ್ ಕೋರ್ ತಂತ್ರಾಂಶವು ಸಾಮಾನ್ಯವಾಗಿ 14 ದಿನಗಳ ನಂತರ ಸರದಿಯಿಂದ ತೆಗೆದುಹಾಕುತ್ತದೆ. ಆಗ ನಾಣ್ಯ ಕಳಿಸಿದವನ ಹೆಸರಿನಲ್ಲಿಯೇ ಉಳಿದಿರುತ್ತದೆ. ‘ಸಿಕ್ಕಿಕೊಂಡ ಹಣ ಬಿಡಿಸಲು ಇಷ್ಟು ಕೊಡಿರಿ’ ಎನ್ನುವವನು ವಂಚಕ. ಹಾಗೆ ಬಿಡಿಸುವ ಅಧಿಕಾರಿ ಈ ವ್ಯವಸ್ಥೆಯಲ್ಲಿ ಯಾರೂ ಇಲ್ಲ.

ಮೂರನೆಯದು, ‘ಕೂಡಲೆ ಅಪ್‌ಡೇಟ್ ಮಾಡಿರಿ’ ಎಂಬ ಸೂಚನೆ. 2018ರ ಡಿಸೆಂಬರಿನಲ್ಲಿ ಇಲೆಕ್ಟ್ರಮ್ ಎಂಬ ಪ್ರಸಿದ್ಧ ವಾಲೆಟ್ಟಿನ ಬಳಕೆದಾರರಿಗೆ, ಹಣ ಕಳಿಸಲು ಯತ್ನಿಸಿದಾಗ, ವಾಲೆಟ್ಟಿನ ಕಿಟಕಿಯಲ್ಲಿಯೇ ಇಂಥ ಸೂಚನೆ ಬಂದಿತು. ಅದನ್ನು ಕಳಿಸಿದ್ದು ಕಳ್ಳರು ನಡೆಸುತ್ತಿದ್ದ ಸರ್ವರುಗಳು. ಸೂಚಿಸಿದ ಕೊಂಡಿಯಿಂದ ನಕಲಿ ವಾಲೆಟ್ಟನ್ನು ಇಳಿಸಿಕೊಂಡವರಿಂದ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋದವು. ಸೂಚನೆ ಎಲ್ಲಿಂದ ಬಂದರೂ ಅದರಲ್ಲಿಯ ಕೊಂಡಿಯನ್ನು ಒತ್ತಬಾರದು. ತಂತ್ರಾಂಶದ ಅಧಿಕೃತ ತಾಣಕ್ಕೆ ತಾವೇ ಹೋಗಿ ನೋಡಬೇಕು. ವಿಳಾಸವನ್ನು ನಕಲಿಸಿ ಅಂಟಿಸಿದ ಮೇಲೆ ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳನ್ನು ಹೋಲಿಸಿ ನೋಡಬೇಕು. ನಡುವೆ ವಿಳಾಸವನ್ನೇ ಬದಲಿಸುವ ದುಷ್ಟ ತಂತ್ರಾಂಶಗಳಿವೆ.

ನಾಲ್ಕನೆಯದು ನೋಡಿಗೆ ಸಂಬಂಧಿಸಿದ್ದು. ಕುತೂಹಲಿ ತರುಣರು ಬಿಟ್‌ಕಾಯಿನ್ ಕೋರ್ ತಂತ್ರಾಂಶವನ್ನು ಮನೆಯ ಗಣಕಯಂತ್ರದಲ್ಲಿ ಹಾಕಲು ಬಯಸುತ್ತಾರೆ. ಕಲಿಕೆಗೆ ಇದು ಒಳ್ಳೆಯದೇ. ಆದರೆ ಪೂರ್ಣ ವಹಿ 600 ಜಿಬಿಯನ್ನು ಮೀರಿದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಲು 300 ದಿನಗಳಾದರೂ ಬೇಕು! ಡಿಸ್ಕಿನಲ್ಲಿ ಸ್ಥಳವಿಲ್ಲದವರು ಹಳೆಯ ಪುಟಗಳನ್ನು ಪರಿಶೀಲಿಸಿ ಬಿಟ್ಟುಬಿಡುವ ಕ್ರಮವನ್ನು ಆರಿಸಬಹುದು. ಆದರೂ ಎಲ್ಲವನ್ನೂ ಒಮ್ಮೆ ಇಳಿಸಲೇಬೇಕು. ಕೆಲಸದ ನಡುವೆ ವಿದ್ಯುತ್ತು ಹೋದರೆ ದತ್ತಸಂಗ್ರಹ ಕೆಡಬಹುದು. ಮತ್ತೆ ಕಟ್ಟಲು ದಿನಗಳೇ ಹಿಡಿಯಬಹುದು. ಯುಪಿಎಸ್ ಇಲ್ಲದೆ ಈ ಸಾಹಸ ಬೇಡ. ಮುಚ್ಚುವಾಗಲೂ ತಂತ್ರಾಂಶದ ಕಿಟಕಿ ತಾನಾಗಿ ಮರೆಯಾಗುವವರೆಗೆ ಕಾಯಬೇಕು. ಹಳೆಯ ಯಂತ್ರದ ಚಿಕ್ಕ ಬ್ಯಾಟರಿ ಮುಗಿದು ಗಡಿಯಾರ ಹಿಂದೆ ಬಿದ್ದರೂ ನೋಡು ನಿಲ್ಲುತ್ತದೆ. ತನ್ನ ಸಮಯಕ್ಕಿಂತ ಎರಡು ಗಂಟೆಗೂ ಹೆಚ್ಚು ಮುಂದಿನ ಸಮಯ ಹೊತ್ತ ಪುಟವನ್ನು ಅದು ಒಪ್ಪುವುದಿಲ್ಲ. ದಿನಾಂಕ ಸರಿಪಡಿಸಿದರೆ ತೊಡಕು ತೀರುತ್ತದೆ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯೆಂದರೆ, ಸ್ಥಳ ಮಾಡಲೆಂದು ವಹಿಯ ಕೋಶವನ್ನು ಪೂರ್ತಿ ಅಳಿಸಬೇಡಿರಿ. ವಾಲೆಟ್ಟಿನ ಕಡತವೂ ಅದೇ ಕೋಶದಲ್ಲಿರುತ್ತದೆ. ಮೊದಲು ಅದರ ಪ್ರತಿ ತೆಗೆದು ಬೇರೆಡೆ ಇಡಿರಿ. ಮತ್ತೊಂದು ಮಾತು: ಬಿಟ್‌ಕಾಯಿನ್ ನೋಡು ನಡೆಸಿದವನಿಗೆ ಯಾರೂ ಸಂಬಳ ಕೊಡುವುದಿಲ್ಲ. ‘ಬಿಟ್‌ಕಾಯಿನ್ ನೋಡು ಕೊಳ್ಳಿರಿ, ತಿಂಗಳಿಗೆ ಇಷ್ಟು ಬರುತ್ತದೆ’ ಎಂದು ಮನೆಗೆ ಬಂದವನು ಬಂಧುವಾಗಿದ್ದರೂ ಅವನ ಮಾತಿಗೆ ಕಿವಿಗೊಡಬೇಡಿರಿ.

ಕಾಯದೆಯ ಮಾತು ಸಂಕ್ಷೇಪವಾಗಿ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳ ಸೇವೆ ಕೊಡಕೂಡದೆಂದಿತು. ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ಆ ಆದೇಶವನ್ನು ತಳ್ಳಿಹಾಕಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ ಶೇಕಡಾ 1ರ ಮೂಲದಲ್ಲಿಯ ಕಡಿತ ಜಾರಿಗೆ ಬಂದವು. ಒಂದು ನಾಣ್ಯದ ಹಾನಿಯನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಾರದು. ತೆರಿಗೆ ಇದೆಯೆಂದ ಮಾತ್ರಕ್ಕೆ ಇದು ಸರಕಾರದ ಭರವಸೆಯುಳ್ಳ ಹಣವಲ್ಲ. ಮೋಸವಾದುದು ತಿಳಿದ ಗಳಿಗೆಯಲ್ಲಿಯೇ 1930 ಸಂಖ್ಯೆಗೆ ಕರೆ ಮಾಡಬೇಕು. ನಾಣ್ಯ ಕೈಬಿಟ್ಟರೆ ಹಿಂದೆ ತರುವುದು ಬಲು ಕಷ್ಟ. ಆದರೆ ಬ್ಯಾಂಕಿನ ದಾರಿಯಲ್ಲಿ ಹೊರಟ ರೂಪಾಯಿಯನ್ನು ಬೇಗ ತಿಳಿಸಿದಲ್ಲಿ ತಡೆಯುವ ಸಾಧ್ಯತೆಯಿದೆ.

ಕೊನೆಯದಾಗಿ ಒಂದು ಗೃಹಕೃತ್ಯ. ಮನೆಯ ಯಜಮಾನನು ಹೊಲದ ಉತಾರ, ವಿಮೆಯ ಕಾಗದ, ಬ್ಯಾಂಕಿನ ಪುಸ್ತಕಗಳು ಎಲ್ಲಿವೆಯೆಂದು ಹೆಂಡತಿಗೆ ಹೇಳಿರುತ್ತಾನೆ. ಅವನು ಇಲ್ಲದ ದಿನ ಬ್ಯಾಂಕು ವಾರಸುದಾರರನ್ನು ವಿಚಾರಿಸುತ್ತದೆ. ಬಿಟ್‌ಕಾಯಿನ್ನಿನ ವಹಿ ಯಾರನ್ನೂ ವಿಚಾರಿಸುವುದಿಲ್ಲ. ಶಬ್ದಗಳ ಕಾಗದ ಎಲ್ಲಿದೆಯೆಂದು ಮನೆಯ ಇನ್ನೊಬ್ಬ ಹಿರಿಯರಿಗೆ ತಿಳಿದಿರದಿದ್ದರೆ, ಮಗಳ ಶಿಕ್ಷಣಕ್ಕೆಂದು ಕೂಡಿಟ್ಟದ್ದು ಆ ವಹಿಯಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತ, ಯಾರ ಕೈಗೂ ಬಾರದೆ ಉಳಿಯುತ್ತದೆ. ಈ ವಾಲೆಟ್ಟು ಮನೆಯಲ್ಲಿದ್ದವರು ಇಂದು ಸಂಜೆಯೇ ದಂಪತಿಗಳಿಬ್ಬರೂ ಕೂತು, ಆ ಕಾಗದವನ್ನು ಹೊರತೆಗೆದು, ಅಕ್ಷರ ಅಕ್ಷರ ಓದಿ ನೋಡಿರಿ. ಜೊತೆಗೆ ಒಂದು ಚೀಟಿಯಲ್ಲಿ, ಇದು ಏನು, ಯಾವ ವಾಲೆಟ್ಟಿನದು, ಇದನ್ನು ಯಾರಿಗೆ ತೋರಿಸಬಾರದು ಎಂಬುದನ್ನು ಬರೆದಿಡಿರಿ. ಆ ಚೀಟಿಯನ್ನು ಮಾತ್ರ ಕನ್ನಡದಲ್ಲಿಯೇ ಬರೆಯಿರಿ. ಮನೆಯವರೆಲ್ಲರಿಗೂ ಓದಲು ಬರಬೇಕಾದದ್ದು ಅದು.